ಅಂಚೆಚೀಟಿಯ ಹಿಂಬದಿ

ಮನೆ ಆಶೀರ್ವಾದಕ್ಕೆಂದು ಹೋದಾಗ ನಮ್ಮ ಧರ್ಮಕೇಂದ್ರದ ಹಿರಿಯರು ನನಗೆ ಕಾಫಿಯ ಜೊತೆಗೆ ಇನ್ನೂ ಒಂದು ವಸ್ತುವನ್ನು ಕೊಡುತ್ತಾರೆ. ಕಪಾಟಿನ ಮೇಲಿಂದಲೋ ಮಂಚದ ಅಡಿಯಿಂದಲೋ ಒಂದು ಹಳೆಯ ತಗಡಿನ ಡಬ್ಬ ಹೊರಗೆ ಬರುತ್ತದೆ. ಅದರೊಳಗೆ ಬಾಂಬೆಯಿಂದ, ಬಹರೈನಿನಿಂದ, ದುಬೈಯಿಂದ ಬಂದ ಕಾಗದಗಳು. "ಫಾದರ್, ನಿಮಗೆ ಸ್ಟಾಂಪು ಬೇಕಂತಲ್ಲ, ಕತ್ತರಿಸಿ ತೆಗೆದುಕೊಳ್ಳಿ" ಎನ್ನುತ್ತಾರೆ. ಕೆಲವರು ಕತ್ತರಿಯನ್ನೂ ಸಿದ್ಧವಾಗಿಟ್ಟಿರುತ್ತಾರೆ. ನಾನು ಕತ್ತರಿ ಮುಟ್ಟುವುದಿಲ್ಲ. ಬರಿಯ ಲಕೋಟೆ ಇದ್ದು, ಅದು ಬೇಡವೆಂದರೆ ಇಡೀ ಲಕೋಟೆಯನ್ನೇ ಕೇಳಿ ತೆಗೆದುಕೊಳ್ಳುತ್ತೇನೆ. ಒಳಗೆ ಕಾಗದ ಇದ್ದರೆ ಹಾಗೆಯೇ ಮುಚ್ಚಿ ಹಿಂದೆ ಕೊಡುತ್ತೇನೆ. ಇವರಿಗೆ ಸ್ಟಾಂಪಿನ ಹುಚ್ಚೂ ಪೂರ್ತಿ ಇಲ್ಲವೆಂದು ಕೆಲವರಿಗೆ ಅನ್ನಿಸಿರಬಹುದು. ಇದಕ್ಕೆ ಒಂದು ಕಾರಣ ಉಂಟು. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಅದಕ್ಕೆ ಮೊದಲು, ಈ ಹವ್ಯಾಸ ಎಂಥದು ಎಂದು ನಾಲ್ಕು ಮಾತು ಹೇಳಬೇಕು. ಇಂದಿನ ಮಕ್ಕಳು ಅಂಚೆಪೆಟ್ಟಿಗೆಗೆ ಕಾಗದ ಹಾಕಿದ್ದೇ ಕಡಿಮೆ. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಈಗ ನನ್ನ ಕಚೇರಿಗೆ ಬರುವ ಟಪಾಲಿನ ಮೇಲೆ ಬಾರ್‌ಕೋಡಿನ ಕಾಗದ ಅಂಟಿಸಿರುತ್ತದೆ, ಇಲ್ಲವೇ ಯಂತ್ರದ ಮುದ್ರೆ ಇರುತ್ತದೆ. ಚೆಂದದ ಒಂದು ಅಂಚೆಚೀಟಿ ಕಂಡರೆ ಆ ದಿನ ಹಬ್ಬವಾದಂತೆ.

ಲೋಕದ ಮೊದಲ ಅಂಚೆಚೀಟಿ ಇಂಗ್ಲೆಂಡಿನಲ್ಲಿ 1840ರ ಮೇ ತಿಂಗಳಲ್ಲಿ ಬಂತು. ಕಪ್ಪು ಬಣ್ಣ, ವಿಕ್ಟೋರಿಯಾ ರಾಣಿಯ ಮುಖ, ಬೆಲೆ ಒಂದು ಪೆನ್ನಿ. ಅದಕ್ಕೆ ಅಂಚಿನಲ್ಲಿ ತೂತುಗಳಿರಲಿಲ್ಲ. ಅಂಚೆ ಕಚೇರಿಯಲ್ಲಿ ಹಾಳೆಯಿಂದ ಕತ್ತರಿಯಲ್ಲಿ ಕತ್ತರಿಸಿ ಕೊಡಬೇಕಿತ್ತು. ನಮ್ಮ ದೇಶಕ್ಕೆಲ್ಲ ಸೇರಿ 1854ರಲ್ಲಿ ಬಂದ ಚೀಟಿಗಳೂ ಹಾಗೆಯೇ. ನಾಲ್ಕು ಬದಿಯಲ್ಲೂ ಅಂಚು ಉಳಿಯುವಂತೆ ಕತ್ತರಿಸಿದ ಗುಮಾಸ್ತನ ಕೈಯ ಚೀಟಿಗೆ ಇಂದು ಬೆಲೆ ಹೆಚ್ಚು, ಅವಸರದಲ್ಲಿ ಚಿತ್ರವನ್ನೇ ಕತ್ತರಿಸಿಬಿಟ್ಟವನ ಚೀಟಿಗೆ ಕಡಿಮೆ. ಆಮೇಲೆ ತೂತುಗಳು ಬಂದವು. ಸಂಗ್ರಹಕಾರರು ಎರಡು ಸೆಂಟಿಮೀಟರಿನಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸುತ್ತಾರೆ. ಒಂದೇ ಚಿತ್ರ, ಒಂದೇ ಬಣ್ಣ, ಆದರೆ ತೂತಿನ ಲೆಕ್ಕ ಬೇರೆಯಾದರೆ ಚೀಟಿಯೇ ಬೇರೆ. ಹೊರಗಿನವರಿಗೆ ಇದು ನಗುವ ವಿಷಯ. ನಮ್ಮ ಅಡುಗೆಯ ಅಕ್ಕನಂತೂ ನಾನು ಭೂತಗನ್ನಡಿ ಹಿಡಿದು ಕುಳಿತರೆ, "ಫಾದರ್, ಅಕ್ಕಿಯಲ್ಲಿ ಕಲ್ಲಾದರೂ ಆರಿಸಿ ಕೊಡಿ" ಎನ್ನುತ್ತಾರೆ.

ನನ್ನ ಸಂಗ್ರಹದಲ್ಲಿ ಬೆಲೆಬಾಳುವಂಥದು ಏನೂ ಇಲ್ಲ. ಇರುವುದರಲ್ಲಿ ನನಗೆ ಪ್ರೀತಿಯದು ನಮ್ಮ ಧರ್ಮಸಭೆಗೆ ಸಂಬಂಧಪಟ್ಟ ಚೀಟಿಗಳು. ಜಗದ್ಗುರು ಆರನೆಯ ಪೌಲರು ಬಾಂಬೆಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಬಂದ 1964ರಲ್ಲಿ ನಮ್ಮ ಸರ್ಕಾರ ಸಂತ ತೋಮರ ಚೀಟಿ ಹೊರಡಿಸಿತು. ಮದರ್ ತೆರೇಸಾ ಅವರ ಚೀಟಿ 1980ರಲ್ಲಿ ಬಂತು, ಅವರು ಬದುಕಿದ್ದಾಗಲೇ. ಚಾವರಾ ಕುರಿಯಾಕೋಸ್ ಗುರುಗಳದು 1987ರಲ್ಲಿ, ಸಿಸ್ಟರ್ ಅಲ್ಫೋನ್ಸಾ ಅವರದು 1996ರಲ್ಲಿ. ಈ ಮೂವರನ್ನು ಧರ್ಮಸಭೆ ಸಂತರೆಂದು ಸಾರಿದ್ದು ಕ್ರಮವಾಗಿ 2016, 2014 ಮತ್ತು 2008ರಲ್ಲಿ. ಈ ವಿಷಯದಲ್ಲಿ ನಮ್ಮ ಅಂಚೆ ಇಲಾಖೆ ರೋಮ್ ನಗರಕ್ಕಿಂತ ಚುರುಕು ಎಂದು ನಾನು ತಮಾಷೆಗೆ ಮಕ್ಕಳಿಗೆ ಹೇಳುವುದುಂಟು.

ಮಕ್ಕಳು ಕಣ್ಣರಳಿಸಿ ನೋಡುವುದು ವತಿಕಾನಿನ ಒಂದು ಬಗೆಯ ಚೀಟಿಯನ್ನು. ವತಿಕಾನ್ 1929ರಿಂದ ತನ್ನದೇ ಅಂಚೆಚೀಟಿ ಹೊರಡಿಸುತ್ತಿದೆ. ಜಗದ್ಗುರುಗಳ ಸ್ಥಾನ ತೆರವಾಗಿ ಹೊಸಬರು ಆಯ್ಕೆಯಾಗುವವರೆಗೆ ಪೇತ್ರರ ಪೀಠ ಖಾಲಿ ಇರುತ್ತದಲ್ಲ, ಆ ದಿನಗಳಿಗೆಂದೇ ಬೇರೆ ಚೀಟಿ ಇರುತ್ತದೆ. ಅದರ ಮೇಲೆ ಯಾವ ಜಗದ್ಗುರುವಿನ ಗುರುತೂ ಇರುವುದಿಲ್ಲ. ಒಂದು ಕೊಡೆ, ಅದರ ಕೆಳಗೆ ಅಡ್ಡಡ್ಡ ಇಟ್ಟ ಎರಡು ಬೀಗದ ಕೈಗಳು ಇರುತ್ತವೆ. ಹೊಸ ಜಗದ್ಗುರುವಿನ ಆಯ್ಕೆಯಾದ ಕೂಡಲೇ ಆ ಚೀಟಿಯನ್ನು ಅಂಚೆಗೆ ಬಳಸುವಂತಿಲ್ಲ. 2005ರಲ್ಲಿ, 2013ರಲ್ಲಿ, 2025ರಲ್ಲಿ ಹೀಗೆ ಕೆಲವೇ ದಿನ ಬಾಳಿದ ಚೀಟಿಗಳಿವೆ. ಅಂಚೆಯವರಿಗೆ ಪಾಲಕ ಸಂತರೂ ಇದ್ದಾರೆ. ಮರಿಯಮ್ಮನವರಿಗೆ ದೇವರ ಸಂದೇಶ ತಂದ ಮಹಾದೂತ ಗಬ್ರಿಯೇಲರನ್ನು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1951ರಲ್ಲಿ ದೂರಸಂಪರ್ಕದ ಕೆಲಸದವರಿಗೆಲ್ಲ ಪಾಲಕರೆಂದು ಸಾರಿದರು. ನಾವು ಚೀಟಿ ಕೂಡಿಸುವವರೂ ಅದೇ ಗುಂಪಿಗೆ ಸೇರಿಕೊಂಡಿದ್ದೇವೆ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ಕುಂಬಳೆಯ ಹತ್ತಿರ ನಮ್ಮ ಮನೆ. ಅಪ್ಪ ಕುವೈತಿನಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮನೆಮಾತು ಕೊಂಕಣಿಯಾದರೂ ಅಪ್ಪ ಕಾಗದ ಬರೆಯುತ್ತಿದ್ದದ್ದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಏರೋಗ್ರಾಂ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ತೆಳ್ಳಗಿನ ನೀಲಿ ಹಾಳೆ, ಬರೆದು ಮಡಚಿದರೆ ಅದೇ ಲಕೋಟೆಯಾಗುತ್ತಿತ್ತು. ಹೊರಬದಿಯಲ್ಲಿ ವಿಳಾಸ ಮತ್ತು ಸ್ಟಾಂಪು, ಒಳಬದಿಯಲ್ಲಿ ಒಂದಿಷ್ಟೂ ಜಾಗ ಬಿಡದೆ ಅಪ್ಪನ ಅಕ್ಷರ.

ನಾನು ಆಗ ಐದನೇ ತರಗತಿ. ಶಾಲೆಯಲ್ಲಿ ಸ್ಟಾಂಪಿನ ಗೀಳು ಸುರುವಾಗಿತ್ತು. ಗಲ್ಫಿನಲ್ಲಿ ಅಪ್ಪನೋ ಮಾವನೋ ಇದ್ದ ಹುಡುಗರೇ ಅಲ್ಲಿ ಸಾಹುಕಾರರು. ಒಂದು ಕುವೈತಿಗೆ ಎರಡು ಸಿಂಗಾಪುರ ಎಂಬಂಥ ವಿನಿಮಯ ದರವೂ ಇತ್ತು. ಹಳೆಯ ನೋಟುಪುಸ್ತಕವೇ ಆಲ್ಬಮ್, ಮೈದಾ ಕಾಸಿದ ಅಂಟು.

1990ರ ಜುಲೈ ತಿಂಗಳ ನಡುವೆ, ಮಳೆ ಹೊಡೆಯುತ್ತಿದ್ದ ಒಂದು ದಿನ, ಅಂಚೆಯಣ್ಣ ಶಾಲೆಯ ಹತ್ತಿರವೇ ನನ್ನನ್ನು ಕರೆದು ಅಪ್ಪನ ಕಾಗದ ಕೊಟ್ಟರು. ಮಕ್ಕಳ ಕೈಯಲ್ಲಿ ಕಾಗದ ಕಳಿಸುವುದು ಆಗಿನ ಪದ್ಧತಿ. ಅದರ ಮೇಲೆ ನಾನು ಈವರೆಗೆ ನೋಡದ ಸ್ಟಾಂಪು ಇತ್ತು. ಮನೆಗೆ ಬಂದಾಗ ಅಮ್ಮ ಇರಲಿಲ್ಲ, ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗಿದ್ದರು. ಕಾಗದದ ಅಂಚನ್ನು ಸ್ಕೇಲಿನಿಂದ ಬಿಡಿಸಿದೆ. ಅಪ್ಪನ ಬ್ಲೇಡು ತಂದು ಸ್ಟಾಂಪನ್ನು ಚೌಕವಾಗಿ ಕತ್ತರಿಸಿ ತೆಗೆದೆ. ಅದರ ಹಿಂದೆ ಏನು ಬರೆದಿದೆ ಎಂದು ತಿರುಗಿಸಿಯೂ ನೋಡಲಿಲ್ಲ. ಮೈದಾ ಹಚ್ಚಿ ನೋಟುಪುಸ್ತಕದಲ್ಲಿ ಅಂಟಿಸಿ, ಮೇಲೆ ತೂಕಕ್ಕೆಂದು ಕಲ್ಲು ಇಟ್ಟೆ.

ಸಂಜೆ ತೆರ್ಸ ಮುಗಿದ ಮೇಲೆ ಅಮ್ಮ ಲಾಂದ್ರದ ಹತ್ತಿರ ಕುಳಿತು ಕಾಗದ ಬಿಡಿಸಿದರು. ಹಾಳೆಯ ಆ ತೂತಿನಿಂದ ಬೆಳಕು ಅವರ ಸೀರೆಯ ಮೇಲೆ ಬಿದ್ದದ್ದು ಇಂದಿಗೂ ನನ್ನ ಕಣ್ಣಿನಲ್ಲಿದೆ.

"ಈ ತುಂಡು ಎಲ್ಲಿ?"

"ಶಾಲೆಯಲ್ಲಿ ಒಬ್ಬನಿಗೆ ಕೊಟ್ಟೆ."

"ನಾಳೆ ಹಿಂದೆ ತಾ. ಅದರಲ್ಲಿ ಮುಖ್ಯದ್ದು ಬರೆದಿದೆ."

ತುಂಡು ಇದ್ದದ್ದು ಅವರಿಂದ ಹತ್ತು ಹೆಜ್ಜೆ ದೂರದಲ್ಲಿ. ಅಂಟು ಇನ್ನೂ ಒಣಗಿರಲಿಲ್ಲ. ಆ ಗಳಿಗೆಯಲ್ಲಿ ಎದ್ದು ಹೋಗಿ ತಂದುಕೊಟ್ಟಿದ್ದರೆ ಒಂದು ಪೆಟ್ಟಿನಲ್ಲಿ ಮುಗಿಯುತ್ತಿತ್ತು. ತೆಗೆದರೆ ಸ್ಟಾಂಪು ಹರಿಯುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಮರುದಿನ ಸಂಜೆ, "ಅವನು ಕಳೆದುಕೊಂಡನಂತೆ" ಎಂದು ಇನ್ನೊಂದು ಸುಳ್ಳು ಸೇರಿಸಿದೆ. ಆಗ ಪೆಟ್ಟು ಸಿಕ್ಕಿತು. ಪೆಟ್ಟು ಸಿಕ್ಕಿದ್ದರಿಂದ ಲೆಕ್ಕ ಚುಕ್ತಾ ಆಯಿತೆಂದು ನನಗೆ ಸಮಾಧಾನವೂ ಆಯಿತು.

ಅಮ್ಮ ಅಪ್ಪನನ್ನು ಕೇಳಿದ್ದು ತೋಟದ ವಿಷಯ. ಮನೆಯ ಹಿಂದೆ ನಮಗೆ ನಲವತ್ತು ಸೆಂಟ್ಸ್ ಅಡಿಕೆ ತೋಟವಿತ್ತು, ಅಜ್ಜ ಮಾಡಿದ್ದು. ಅಪ್ಪನ ವೀಸಾಕ್ಕೂ ಮನೆಯ ಮಾಡಿಗೂ ಮಾಡಿದ ಸಾಲ ಬೆಳೆದಿತ್ತು. ನೆರೆಯವರೊಬ್ಬರು ಒಳ್ಳೆಯ ಕ್ರಯ ಹೇಳಿ, ತೆನೆ ಹಬ್ಬದೊಳಗೆ ತೀರ್ಮಾನ ತಿಳಿಸಿ ಎಂದಿದ್ದರು. ಅಪ್ಪನ ಉತ್ತರ ಆ ಕಾಗದದಲ್ಲಿ ಬಂದಿತ್ತು. ತೂತಿನ ಮೇಲಿನ ಸಾಲು "ತೋಟದ ವಿಷಯ. ಅದನ್ನು ಈಗ" ಎಂದು ಮುಗಿಯುತ್ತಿತ್ತು. ಕೆಳಗಿನ ಸಾಲಿನ ಮೊದಲ ಎರಡು ಪದಗಳು ಇರಬೇಕಾದಲ್ಲಿ ತೂತು. ಆಮೇಲೆ "ಎಂದು ನನ್ನ ಮನಸ್ಸು ಹೇಳುತ್ತದೆ" ಎಂದಿತ್ತು.

ಅಮ್ಮ ಮರುದಿನವೇ ಅಪ್ಪನಿಗೆ ಕಾಗದ ಹಾಕಿದರು. ಅದು ಅಲ್ಲಿಗೆ ತಲುಪಿತೋ ಇಲ್ಲವೋ, ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿತು. ಅಲ್ಲಿಂದ ಮುಂದೆ ಕಾಗದವಿಲ್ಲ, ಸುದ್ದಿಯಿಲ್ಲ. ನೆರೆಮನೆಯ ರೇಡಿಯೋದ ಸುತ್ತ ಗಲ್ಫಿನವರ ಹೆಂಡಂದಿರು ಕೂಡಿ ಕುಳಿತಿರುತ್ತಿದ್ದರು. ಚರ್ಚಿನಲ್ಲಿ ಪ್ರತಿ ಸಂಜೆ ವಿಶೇಷ ಪ್ರಾರ್ಥನೆ. ಅಪ್ಪ ಬದುಕಿದ್ದಾರೋ ಎಂದೇ ತಿಳಿಯದ ಆ ದಿನಗಳಲ್ಲಿ, ಸಾಲದವರು ಬಾಗಿಲಿಗೆ ಬಂದಾಗ, ಅಮ್ಮ ಒಬ್ಬರೇ ತೀರ್ಮಾನ ಮಾಡಿದರು. ತೆನೆ ಹಬ್ಬಕ್ಕೆ ನಾಲ್ಕು ದಿನ ಮೊದಲು ತೋಟ ಮಾರಿದರು.

ಕುವೈತಿನಲ್ಲಿದ್ದ ಭಾರತೀಯರು ಹೇಗೋ ಜೋರ್ಡಾನಿನ ಅಮ್ಮಾನಿಗೆ ಬಂದು ಸೇರುತ್ತಿದ್ದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಆಗಸ್ಟಿನಿಂದ ಅಕ್ಟೋಬರಿನವರೆಗೆ ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಊರಿಗೆ ಕರೆತಂದವು. ಅಪ್ಪ ಬಂದದ್ದು ಅಕ್ಟೋಬರ್ ಮೊದಲ ವಾರ, ಒಂದು ಕೈಚೀಲದೊಡನೆ. ಸ್ನಾನ ಮಾಡಿ, ಗಂಜಿ ಊಟ ಮಾಡಿ, ಹಿತ್ತಿಲಿಗೆ ಹೋದರು. ಹೊಸದಾಗಿ ಹಾಕಿದ್ದ ಬೇಲಿಯ ಹತ್ತಿರ ತುಂಬ ಹೊತ್ತು ನಿಂತಿದ್ದರು. ಒಳಗೆ ಬಂದು, "ಎಷ್ಟಕ್ಕೆ ಆಯಿತು?" ಎಂದು ಕೇಳಿದರು. ಅಮ್ಮ ಹೇಳಿದರು. "ಒಳ್ಳೆಯದಾಯಿತು, ಸಾಲ ತೀರಿತಲ್ಲ" ಎಂದರು. ಕಾಗದದಲ್ಲಿ ಏನು ಬರೆದಿದ್ದಿರಿ ಎಂದು ಅಮ್ಮ ಕೇಳಿದರು. "ನೀನು ಮಾಡಿದ್ದೇ ಸರಿ" ಎಂದರೇ ಹೊರತು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಅಪ್ಪ ಪುನಃ ಗಲ್ಫಿಗೆ ಹೋಗಲಿಲ್ಲ. ಎಷ್ಟೋ ವರ್ಷ ಅದೇ ತೋಟಕ್ಕೆ ಕೂಲಿಗೆ ಹೋದರು, ಅದೇ ಮರಗಳ ಅಡಿಕೆ ಹೆಕ್ಕಿದರು. 2009ರಲ್ಲಿ ತೀರಿಕೊಂಡರು.

ಚಿಕ್ಕವನಿದ್ದಾಗ ಪಾಪನಿವೇದನೆಯಲ್ಲಿ "ಅಮ್ಮನಿಗೆ ಸುಳ್ಳು ಹೇಳಿದೆ" ಎಂದಿದ್ದೆ. ಎಂಥ ಸುಳ್ಳೆಂದು ಗುರುಗಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮತ್ತೆ ಅದು ಮರೆತೂಹೋಯಿತು. ನೆನಪಾದದ್ದು ಸೆಮಿನರಿಯಲ್ಲಿ. ಅಲ್ಲಿ ಒಬ್ಬರು ವಯಸ್ಸಾದ ಗುರುಗಳು ಬಳಸಿದ ಅಂಚೆಚೀಟಿಗಳನ್ನು ಕೂಡಿಹಾಕಿ ಮಿಶನ್ ಕೆಲಸಕ್ಕೆಂದು ಕಳಿಸುತ್ತಿದ್ದರು. ಅವು ಹೊರದೇಶಗಳಲ್ಲಿ ತೂಕದ ಲೆಕ್ಕದಲ್ಲಿ ಮಾರಾಟವಾಗಿ, ಬಂದ ಹಣ ಬಡ ಮಿಶನ್‌ಗಳಿಗೆ ಸೇರುತ್ತಿತ್ತು. ಅವರಿಗೆ ಸಹಾಯಕ್ಕೆ ನನ್ನನ್ನು ಹಾಕಿದ್ದರು. ಚೀಟಿಯನ್ನು ಕಾಗದದಿಂದ ಕೀಳಬಾರದು, ತಣ್ಣೀರಿನಲ್ಲಿ ನೆನೆಸಬೇಕು, ಅದಾಗಿಯೇ ಬಿಟ್ಟುಕೊಳ್ಳುವವರೆಗೆ ಕಾಯಬೇಕು, ಮುಖ ಕೆಳಗೆ ಮಾಡಿ ಒಣಗಿಸಬೇಕು, ಬೆರಳಿನಿಂದ ಮುಟ್ಟದೆ ಚಿಮಟದಿಂದ ಎತ್ತಬೇಕು. ಇವೆಲ್ಲ ಕಲಿತದ್ದು ಅವರಿಂದ. ಒಂದು ದಿನ ಅವರು ನನ್ನ ಕೈಯಿಂದ ಒಂದು ಹಳೆಯ ಲಕೋಟೆಯನ್ನು ಕಸಿದುಕೊಂಡರು. "ಇದನ್ನು ನೆನೆಸಬೇಡ. ಮುದ್ರೆ ನೋಡು, ವಿಳಾಸ ನೋಡು. ಯಾರು ಯಾರಿಗೆ ಬರೆದದ್ದೆಂದು ಗೊತ್ತಿದ್ದರೆ ಇಡೀ ಲಕೋಟೆಯೇ ಇಡಬೇಕು. ಸ್ಟಾಂಪು ಅಂದರೆ ಅದರ ಕೂಲಿ ಮಾತ್ರ" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೂ ನಾನು ಆ ನೋಟುಪುಸ್ತಕವನ್ನು ಮುಟ್ಟಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಹೆದರಿಕೆಯೇ ಕಾರಣ. ಅದರಲ್ಲಿ "ಮಾರು" ಎಂದಿದ್ದರೆ ಸಂತೋಷ. ಇಲ್ಲದಿದ್ದರೆ? ಅಮ್ಮನ ಮುಂದೆ ಹೇಗೆ ನಿಲ್ಲಲಿ? ಪ್ರತಿ ಭಾನುವಾರ ವೇದಿಕೆಯಲ್ಲಿ ನಿಂತು ಸತ್ಯದ ಬಗ್ಗೆ ಮಾತಾಡುವವನ ಕಪಾಟಿನಲ್ಲಿ ಇಂಥದೊಂದು ಪುಸ್ತಕ ಇತ್ತು.

ಹೋದ ವರ್ಷ ತಪಸ್ಸುಕಾಲದಲ್ಲಿ ಧೈರ್ಯ ಮಾಡಿದೆ. ನೀರಿನಲ್ಲಿ ಹಾಕುವಂತಿರಲಿಲ್ಲ. ಅಪ್ಪ ಯಾವ ಪೆನ್ನಿನಲ್ಲಿ ಬರೆದಿದ್ದರೋ, ಶಾಯಿಯಾದರೆ ನೀರಿನಲ್ಲಿ ಹೋಗಿಬಿಡುತ್ತದೆ. ಇಂಥದಕ್ಕೆ ಸಂಗ್ರಹಕಾರರಲ್ಲಿ ಒಂದು ಉಪಾಯ ಉಂಟು. ಬಿಗಿಯಾದ ಮುಚ್ಚಳದ ಬಿಸ್ಕತ್ತಿನ ಡಬ್ಬ ತೆಗೆದುಕೊಂಡು, ಅಡಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಮೇಲೆ ಜಾಲರಿಯಿಟ್ಟೆ. ನೋಟುಪುಸ್ತಕದ ಆ ಹಾಳೆಯಿಂದ ಸ್ಟಾಂಪಿರುವ ಭಾಗವನ್ನು ಕತ್ತರಿಸಿ ಜಾಲರಿಯ ಮೇಲೆ ಮಲಗಿಸಿದೆ. ತೇವದ ಗಾಳಿಗೆ ಅಂಟು ತಾನಾಗಿ ಮೆತ್ತಗಾಗಬೇಕು. ಬೆಳಿಗ್ಗೆ ನೋಡಿದರೆ ಏನೂ ಆಗಿರಲಿಲ್ಲ. ಮೈದಾ ಮೂವತ್ತೈದು ವರ್ಷದ್ದು. ಎರಡನೆಯ ರಾತ್ರಿ ಕಳೆದ ಮೇಲೆ, ಬೆಳಗಿನ ಬಲಿಪೂಜೆ ಮುಗಿಸಿ ಬಂದು ಚಿಮಟದಿಂದ ಮೂಲೆ ಎತ್ತಿದೆ, ಬಂತು. ಪುಣ್ಯಕ್ಕೆ ಬಾಲ್‌ಪೆನ್ನು. ಹಳದಿ ಕಲೆಯ ಕೆಳಗೆ ಅಪ್ಪನ ಅಕ್ಷರ ಮೂರು ಸಾಲು:

ಮಾರುವುದು ಬೇಡ
ದೇವರು
ಬೇಡ. ಸಣ್ಣವನಿಗೆ

ಆ ವಾರ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನೆರೆಯ ಧರ್ಮಕೇಂದ್ರದ ಗುರುಗಳಲ್ಲಿಗೆ ಹೋಗಿ ಈ ಸಲ ಪೂರ್ತಿಯಾಗಿ ಪಾಪನಿವೇದನೆ ಮಾಡಿದೆ. ಅಮ್ಮನಿಗೆ ಹೇಳಬೇಕೇ ಬೇಡವೇ ಎಂದು ಕೇಳಿದೆ. ಎಪ್ಪತ್ತೆಂಟು ವಯಸ್ಸು, ಯಾಕೆ ಸುಮ್ಮನೆ ನೋಯಿಸುವುದು ಎಂಬ ವಾದವೂ ನನ್ನಲ್ಲಿ ಸಿದ್ಧವಿತ್ತು. ಅವರು, "ಆ ಕಾಗದ ಯಾರ ಹೆಸರಿಗೆ ಬಂದದ್ದು?" ಎಂದು ಮಾತ್ರ ಕೇಳಿದರು.

ಪಾಸ್ಖ ಹಬ್ಬ ಕಳೆದ ಮೇಲೆ ಮನೆಗೆ ಹೋದೆ. ಅಮ್ಮ ಜಗಲಿಯಲ್ಲಿ ಕುಳಿತಿದ್ದರು. ಚೀಟಿಯನ್ನು ಪಾರದರ್ಶಕ ಚೀಲದಲ್ಲಿ ಹಾಕಿ ಒಯ್ದಿದ್ದೆ. ಅವರ ಅಂಗೈ ಮೇಲೆ ಇಟ್ಟೆ.

"ಎಂತ ಪುತಾ ಇದು?"

ಹೇಳಿದೆ. ಯಾರಿಗೂ ಕೊಟ್ಟಿರಲಿಲ್ಲ, ನನ್ನ ಹತ್ತಿರವೇ ಇತ್ತು ಎಂಬುದನ್ನು ಮೊದಲು ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ, ಪ್ರಾರ್ಥನೆ ಪುಸ್ತಕದ ನಡುವಿನಿಂದ ಆ ನೀಲಿ ಕಾಗದ ತಂದರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ನಾವಿಬ್ಬರೂ ಅದನ್ನು ಮೊರದ ಮೇಲೆ ಜೋಡಿಸಿದೆವು. ತೂತಿನಲ್ಲಿ ಚೀಟಿಯನ್ನು ಬೋರಲಾಗಿ ಇಟ್ಟೆವು. ಕನ್ನಡಕ ಹಾಕಿಕೊಂಡು ಅಮ್ಮ ಬೆರಳಿಟ್ಟು ಓದಿದರು: "ತೋಟದ ವಿಷಯ. ಅದನ್ನು ಈಗ ಮಾರುವುದು ಬೇಡ ಎಂದು ನನ್ನ ಮನಸ್ಸು ಹೇಳುತ್ತದೆ. ಮುಂದೆ ದೇವರು ನೋಡಿಕೊಳ್ಳುತ್ತಾನೆ. ಹೆದರಬೇಡ. ಸಣ್ಣವನಿಗೆ ಹೇಳು, ಈ ಸಲ ಹೊಸ ಸ್ಟಾಂಪು ಅಂಟಿಸಿದ್ದೇನೆ."

ತಪ್ಪಾಯಿತು ಎಂದೆ. ಬೇರೆ ಮಾತು ಬರಲಿಲ್ಲ.

"ನನಗೆ ಗೊತ್ತಿತ್ತು" ಎಂದರು ಅಮ್ಮ.

"ಏನು?"

"ಬೇಡ ಅಂತಲೇ ಬರೆದಿದ್ದಾರೆ ಅಂತ. ಬಂದ ದಿನ ಬೇಲಿ ಹತ್ತಿರ ನಿಂತದ್ದು ನೋಡಿದ್ದೆ. ಮಾರು ಅಂತ ಬರೆದವರು ಹಾಗೆ ನಿಲ್ಲುವುದಿಲ್ಲ. ನಾನು ಕೇಳಿದೆ, ಅವರು ಹೇಳಲಿಲ್ಲ. ಹೇಳಿದ್ದರೆ ನಾನು ಸಾಯುವವರೆಗೆ ನೊಂದುಕೊಳ್ಳುತ್ತೇನೆ ಅಂತ ಅವರಿಗೆ ಗೊತ್ತಿತ್ತು. ಮತ್ತೆ ನಾನೂ ಕೇಳಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು, "ಪಾಪನಿವೇದನೆ ಮಾಡಿದ್ದೀಯಲ್ಲ?" ಎಂದು ಕೇಳಿದರು. ಹೌದೆಂದೆ. "ಹಾಗಾದರೆ ಆಯಿತು" ಎಂದು ಮತ್ತೆ ಮೊರದತ್ತ ಬಗ್ಗಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದು ನಿನಗೆ ಬರೆದದ್ದು. ನಾನು ಹೇಳಲೇ ಇಲ್ಲ, ಓದಲಿಕ್ಕೆ ಆಗಿರಲಿಲ್ಲವಲ್ಲ."

ಅಮ್ಮ ಟೇಪು ಹುಡುಕಲು ಹೊರಟಾಗ ಮಾತ್ರ ನನ್ನೊಳಗಿನ ಸಂಗ್ರಹಕಾರ ಎಚ್ಚರವಾದ. ಟೇಪು ಹಾಕಿದರೆ ಹತ್ತು ವರ್ಷದಲ್ಲಿ ಕಂದು ಬಣ್ಣ ತಿರುಗಿ ಕಾಗದವನ್ನೇ ತಿನ್ನುತ್ತದೆ. ನನ್ನ ಚೀಲದಲ್ಲಿ ಚೀಟಿ ಅಂಟಿಸುವ ತೆಳು ಕಾಗದದ ಪಟ್ಟಿಗಳಿದ್ದವು. ಅದರಿಂದಲೇ ಮಡಿಕೆಗಳನ್ನೂ ಚೀಟಿಯನ್ನೂ ಜೋಡಿಸಿಕೊಟ್ಟೆ. ಅಮ್ಮ ಅದನ್ನು ಮಡಚಿ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟು, ಕಾಫಿ ಕಾಸಲು ಒಳಗೆ ಹೋದರು.

ಆ ನೋಟುಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ. ಭಾನುವಾರ ಧರ್ಮೋಪದೇಶ ಮುಗಿದ ಮೇಲೆ ನಾಲ್ಕಾರು ಮಕ್ಕಳು ಸ್ಟಾಂಪು ನೋಡಲು ಬರುತ್ತಾರೆ. ಕತ್ತರಿಸಿದ ಆ ಪುಟ ಬಂದಾಗ, "ಫಾದರ್, ಇಲ್ಲಿ ಇದ್ದದ್ದು ಎಲ್ಲಿ ಹೋಯಿತು?" ಎಂದು ಕೇಳುತ್ತಾರೆ. ಊರಿನ ಮನೆಯಲ್ಲಿದೆ ಎನ್ನುತ್ತೇನೆ.